ಕಾಡಿಗೆ ದಾರಿ ಉಂಟು, ಬಚ್ಚಲಿಗೆ ಇಲ್ಲ

ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಕಟ್ಟುನಿಟ್ಟಿನ ಒಂದು ನಿಯಮವಿದೆ: ಗೊತ್ತುಪಡಿಸಿದ ತಾಣಗಳ ಹೊರತು ಎಲ್ಲಿಯೂ ವಾಹನದಿಂದ ಇಳಿಯುವಂತಿಲ್ಲ. ಸುಮಾರು 19,500 ಚದರ ಕಿಲೋಮೀಟರ್ ಕಾಡು, ಮುಖ್ಯ ರಸ್ತೆಗಳಲ್ಲಿ ಹೆಚ್ಚಿನವಕ್ಕೆ ಡಾಂಬರು. ಬಾಡಿಗೆ ಕಾರು ಹಿಡಿದು ತಮ್ಮ ಪಾಡಿಗೆ ತಾವು ಸುತ್ತಬಹುದು. ಓಟಗಾರನೂ ಕೂತೇ ಸಿಂಹ ನೋಡಬೇಕು, ಗಾಲಿಕುರ್ಚಿ ಬಳಸುವವರೂ ಕೂತೇ ನೋಡಬೇಕು. ನಡೆಯಲಾಗದವರಿಗೆ ಇಷ್ಟು ಒಗ್ಗುವ ಪ್ರವಾಸಗಳು ಜಗತ್ತಿನಲ್ಲಿ ಹೆಚ್ಚಿಲ್ಲ. ಭೇದ ಶುರುವಾಗುವುದು ಸಂಜೆ, ಕ್ಯಾಂಪಿನ ಗೇಟು ಮುಚ್ಚಿದ ಮೇಲೆ, ಮಲಗುವ ಕೋಣೆಯಲ್ಲಿ.

ಆಫ್ರಿಕಾ ಎಂದೊಡನೆ ಮನೆಮಂದಿಗೆ ನೆನಪಾಗುವುದು ಮಲೇರಿಯಾ, ಕಳ್ಳತನ, ಕಾಡುಪ್ರಾಣಿ. ಗಾಲಿಕುರ್ಚಿಯ ಪ್ರಯಾಣಿಕರ ದಿನ ಕೆಡಿಸುವುದು ಇವಾವುವೂ ಅಲ್ಲ, ಬಚ್ಚಲಿನ ಎರಡಿಂಚಿನ ಹೊಸ್ತಿಲು. ಕುರ್ಚಿಯ ಅಗಲ ಸಾಮಾನ್ಯವಾಗಿ 60ರಿಂದ 70 ಸೆಂಟಿಮೀಟರ್. ಹೋಟೆಲಿನ ಮುಂಬಾಗಿಲು ಆನೆ ನುಗ್ಗುವಷ್ಟಿರುತ್ತದೆ, ಬಚ್ಚಲಿನ ಬಾಗಿಲಲ್ಲಿ ಕುರ್ಚಿಯ ಚಕ್ರ ಸಿಕ್ಕಿಕೊಳ್ಳುತ್ತದೆ. ಹೇಗೋ ಒಳಗೆ ಹೋದರೆ ಬಾಗಿಲು ಒಳಮುಖವಾಗಿ ತೆರೆಯುವಂಥದ್ದು, ಹಾಕಿಕೊಳ್ಳಲು ಜಾಗವಿಲ್ಲ. ಕಮೋಡಿನ ಪಕ್ಕದಲ್ಲಿ ಕುರ್ಚಿ ನಿಲ್ಲಿಸಿ ಜಾರಿಕೊಂಡು ಕೂರುವಷ್ಟು ಎಡೆ ಬೇಕು. ಅಲ್ಲಿ ಚೆಂದದ ಬಿದಿರಿನ ಬುಟ್ಟಿಯೋ ಕಸದ ಡಬ್ಬವೋ ಕೂತಿರುತ್ತದೆ. ಬೇಸಿನ್ ಕೆಳಗೆ ಕಪಾಟು, ಮೊಣಕಾಲು ತೂರದು. ಸ್ನಾನಕ್ಕೆ ಆಳದ ಟಬ್ಬು, ಅದರ ಮೇಲೊಂದು ಹಿಡಿಕೆ. ಆ ಹಿಡಿಕೆಯ ಬಲದಿಂದಲೇ ಆ ಕೋಣೆಗೆ ಗಾಲಿಕುರ್ಚಿಯ ಚಿಹ್ನೆ ಬಿದ್ದಿರುತ್ತದೆ. ಬಚ್ಚಲು ದಾಟಿ ಬಂದರೆ ಮಂಚ. ಐಷಾರಾಮಿ ಲಾಡ್ಜುಗಳಿಗೆ ಎತ್ತರದ ಮಂಚದ ಮೇಲೆ ಅದೇನು ಮೋಹವೋ! ಕುರ್ಚಿಯ ಆಸನಕ್ಕಿಂತ ಒಂದಡಿ ಮೇಲಿರುವ ಹಾಸಿಗೆಗೆ ಏರಲು ಇನ್ನೊಬ್ಬರ ತೋಳು ಬೇಕು.

ಬಾಡಿಗೆ ಹೆಚ್ಚು ಕೊಟ್ಟರೆ ಸೌಲಭ್ಯವೂ ಹೆಚ್ಚೆಂಬ ಲೆಕ್ಕ ಇಲ್ಲಿ ತಪ್ಪುತ್ತದೆ. ಕ್ರೂಗರ್‌ನ ಸ್ಕುಕುಜಾ, ಲೋವರ್ ಸಾಬಿಯಂಥ ಸರ್ಕಾರಿ ಕ್ಯಾಂಪುಗಳಲ್ಲಿ ಗಾಲಿಕುರ್ಚಿಯವರಿಗೆಂದೇ ಹೊಂದಿಸಿದ, ನೆಲಮಟ್ಟದ ಹುಲ್ಲುಮಾಡಿನ ಮನೆಗಳಿವೆ. ಹೊಳಪೇನೂ ಇಲ್ಲ, ಕುರ್ಚಿ ಮಾತ್ರ ಒಳಗೆ ಹೋಗುತ್ತದೆ. ಇದರ ಹಿಂದೆ ಕಾನೂನಿನ ಒತ್ತಡವೂ ಇದೆ. ಆ ದೇಶದ ಕಟ್ಟಡ ನಿಯಮಗಳ ‘ಎಸ್’ ಭಾಗ ಇಡೀ ಅಂಗವಿಕಲರ ಸೌಲಭ್ಯಕ್ಕೇ ಮೀಸಲು: ಇಳಿಜಾರು 1:12ಕ್ಕಿಂತ ಕಡಿದಾಗಿರಕೂಡದು, ಅಂದರೆ ಒಂದಡಿ ಎತ್ತರ ಏರಿಸಲು ಹನ್ನೆರಡು ಅಡಿ ಉದ್ದ ಬೇಕು. 2000ದ ಸಮಾನತಾ ಕಾಯ್ದೆಯಂತೂ ದಾರಿಗಡ್ಡ ಇರುವುದನ್ನು ತೆಗೆಯದೆ ಬಿಡುವುದನ್ನೂ ತಾರತಮ್ಯದ ಪಟ್ಟಿಗೆ ಸೇರಿಸಿದೆ.

ಬೋಟ್ಸ್‌ವಾನಾದ ಓಕವಾಂಗೊ ಮುಖಜಭೂಮಿಯ ಕಥೆ ಇನ್ನೂ ವಿಚಿತ್ರ. ನೀರು, ಪ್ರಾಣಿಗಳ ಕಾಟ ತಪ್ಪಿಸಲು ಅಲ್ಲಿಯ ಅನೇಕ ದುಬಾರಿ ಕ್ಯಾಂಪುಗಳು ಡೇರೆಯಿಂದ ಊಟದ ಕಟ್ಟೆಯವರೆಗೆ ಮರದ ಹಲಗೆಯ ದಾರಿ ಹಾಸಿವೆ. ಯಾರನ್ನೂ ಉದ್ದೇಶಿಸದೆ ಕಟ್ಟಿದ ಈ ದಾರಿ ಗಾಲಿಕುರ್ಚಿಗೆ ಹೇಳಿ ಮಾಡಿಸಿದಂತಿದೆ. ಆದರೆ ಅಲ್ಲಿಗೆ ಮುಟ್ಟಿಸುವುದು ಸೆಸ್ನಾದಂಥ ಪುಟ್ಟ ವಿಮಾನ. ಮಡಚುವ ಕಿರಿದಾದ ಮೆಟ್ಟಿಲು, ಒಬ್ಬರಿಗೆ ಸುಮಾರು 20 ಕಿಲೋ ಮೆತ್ತನೆಯ ಚೀಲ. ಬ್ಯಾಟರಿ ಕುರ್ಚಿಯ ತೂಕವೇ ಅದರ ಹಲವು ಪಟ್ಟು.

‘ಬಡ ಖಂಡ, ಅಲ್ಲಿ ಇಷ್ಟೆಲ್ಲ ನಿರೀಕ್ಷಿಸಬಹುದೇ’ ಎನ್ನುವವರಿದ್ದಾರೆ. ಒಂದು ರಾತ್ರಿಗೆ ಸಾವಿರ ಡಾಲರ್ ಕೇಳುವ ಲಾಡ್ಜಿಗೆ ಆ ರಿಯಾಯಿತಿ ಏಕೆ? ಆರೇ ಡೇರೆಗಳ ಸಣ್ಣ ಮಾಲೀಕನ ಅಳಲು ಬೇರೆ, ಅದನ್ನು ಒಪ್ಪುತ್ತೇನೆ: ಕಟ್ಟಿದ ಬಚ್ಚಲನ್ನು ಒಡೆದು ಮತ್ತೆ ಕಟ್ಟುವುದು ದುಬಾರಿ. ಆದರೆ ಮೊದಲ ಸಲ ನೆಲ ಹಾಕುವಾಗಲೇ ಹೊಸ್ತಿಲು ಇಡದೆ ಬಿಡುವುದಕ್ಕೆ ಹೆಚ್ಚು ಖರ್ಚೇನೂ ಇಲ್ಲ. ವಿಸ್ತಾರವಾದ ಜಾಗ, ಒಂದೇ ಅಂತಸ್ತಿನ ಕಟ್ಟಡ: ಸಫಾರಿ ಲಾಡ್ಜಿಗೆ ಲಿಫ್ಟಿನ ಚಿಂತೆಯೂ ಇಲ್ಲ. ಕೆನ್ಯಾದ 2010ರ ಸಂವಿಧಾನದ 54ನೇ ವಿಧಿ ಅಂಗವಿಕಲರಿಗೆ ಎಲ್ಲ ಸ್ಥಳಗಳಿಗೂ ಸಮಂಜಸ ಪ್ರವೇಶದ ಹಕ್ಕನ್ನು ಹೇಳುತ್ತದೆ. ಆಫ್ರಿಕನ್ ಒಕ್ಕೂಟ 2018ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆ 2024ರಲ್ಲಿ ಜಾರಿಗೆ ಬಂತು. ಕಾಗದದ ಮೇಲೆ ಕೊರತೆಯಿಲ್ಲ.

ಕೊರತೆ ಇರುವುದು ಅಳತೆಗಳಲ್ಲಿ. ಹೋಟೆಲುಗಳು ಈಜುಕೊಳದ ಉದ್ದ ಹೇಳುತ್ತವೆ, ವೈನ್ ಯಾವ ವರ್ಷದ್ದೆಂದೂ ಹೇಳುತ್ತವೆ. ಬಚ್ಚಲ ಬಾಗಿಲಿನ ಅಗಲ ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಗಣನೀಯ ವೈಕಲ್ಯವುಳ್ಳವರು 130 ಕೋಟಿ, ಆರರಲ್ಲಿ ಒಬ್ಬರು. ಅವರೆಲ್ಲರಿಗೂ ಗಾಲಿಕುರ್ಚಿ ಬೇಕಿಲ್ಲ, ನಿಜ. ಆದರೆ ಮಂಡಿನೋವಿನ ಅಜ್ಜಿಗೂ ಅದೇ ಹೊಸ್ತಿಲು ಅಡ್ಡ ಬರುತ್ತದೆ.

ಬೆಂಗಳೂರಿನಿಂದ ಮಸಾಯ್ ಮಾರಾಕ್ಕೆ ಗುಂಪು ಕಟ್ಟಿಕೊಂಡು ಹೋಗುವ ಟೂರುಗಳಲ್ಲಿ ನಿವೃತ್ತರಿಗೇನೂ ಕಡಿಮೆಯಿಲ್ಲ. ಊಟ ಸಸ್ಯಾಹಾರವೋ ಜೈನವೋ ಎಂದು ಮುತುವರ್ಜಿಯಿಂದ ಕೇಳುವ ಸಂಘಟಕರು ಮೆಟ್ಟಿಲು ಹತ್ತಬಲ್ಲಿರಾ ಎಂದು ಕೇಳುವುದು ಅಪರೂಪ. ಕೇಳಿದ್ದರಿಂದಲೇ ಅಲ್ಲವೇ ನೈರೋಬಿಯ ಹೋಟೆಲುಗಳಲ್ಲಿ ದಾಲ್, ಚಪಾತಿ ಸಿಗುವುದು? ಟೇಪು ಹಿಡಿದು ತೆಗೆದ ಬಚ್ಚಲ ಬಾಗಿಲಿನ ಫೋಟೊ, ಮಂಚದ ಎತ್ತರ, ಸ್ನಾನದ ಜಾಗಕ್ಕೆ ಕಟ್ಟೆ ಇದೆಯೇ ಎಂಬ ಉತ್ತರ: ಮುಂಗಡ ಹಣ ಕಟ್ಟುವ ಮೊದಲು ಈ ಮೂರನ್ನು ತರಿಸಿಕೊಡಿ ಎಂದು ಸಂಘಟಕರನ್ನು ಗ್ರಾಹಕರು ಪಟ್ಟು ಹಿಡಿದು ಕೇಳಬೇಕು. ಕೊಡಲೊಲ್ಲದ ಲಾಡ್ಜನ್ನು ಪಟ್ಟಿಯಿಂದ ತೆಗೆಯುವ ಅಧಿಕಾರ, ಇಪ್ಪತ್ತು ಮೂವತ್ತು ಕೋಣೆ ಒಟ್ಟಿಗೆ ಕಾದಿರಿಸುವ ಅವರ ಕೈಯಲ್ಲೇ ಇದೆ.