ಕಾರ್ಖಾನೆಯ ಸೂಚನಾ ಫಲಕ ಮತ್ತು ಸಂವಹನ ಅಧ್ಯಯನದ ಭಾಷೆ

ಸಂವಹನವೆಂಬ ಜ್ಞಾನಶಿಸ್ತು ಕರ್ನಾಟಕದ ವಿಶ್ವವಿದ್ಯಾಲಯಗಳನ್ನು ಪ್ರವೇಶಿಸಿದ್ದು ಪತ್ರಿಕೋದ್ಯಮದ ಮೂಲಕ. 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರ ನೇತೃತ್ವದಲ್ಲಿ ಅದು ಪದವಿ ತರಗತಿಯ ವಿಷಯವಾಯಿತು. ಮುಂದೆ ಸ್ನಾತಕೋತ್ತರ ಹಾಗೂ ಪಿಎಚ್.ಡಿ. ಹಂತಗಳು ಸೇರಿದವು, ‘ಪತ್ರಿಕೋದ್ಯಮ’ದ ಪಕ್ಕದಲ್ಲಿ ‘ಸಮೂಹ ಸಂವಹನ’ ಎಂಬ ಹೆಸರೂ ಬಂದು ನಿಂತಿತು. ಹೆಸರು ವಿಸ್ತಾರಗೊಂಡಂತೆ ಅಧ್ಯಯನದ ನೋಟವೂ ವಿಸ್ತಾರಗೊಂಡಿತೇ ಎಂಬುದು ಕನ್ನಡ ವಿಭಾಗಗಳೂ ಕೇಳಿಕೊಳ್ಳಬೇಕಾದ ಪ್ರಶ್ನೆ.

ದಾವಣಗೆರೆಯ ಸಂದರ್ಭವನ್ನೇ ಗಮನಿಸಬಹುದು. ಕುವೆಂಪು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ತೋಳಹುಣಸೆಯ ಶಿವಗಂಗೋತ್ರಿ 2009ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಇದೇ ನಗರದ ಕರೂರು ಕೈಗಾರಿಕಾ ಪ್ರದೇಶದ ಕಾರ್ಮಿಕ ಕುಟುಂಬವೊಂದರಿಂದ ವಿದ್ಯಾರ್ಥಿನಿಯೊಬ್ಬಳು ಸಂವಹನವನ್ನು ಅಭ್ಯಸಿಸಲು ಬಂದಳೆಂದು ಭಾವಿಸೋಣ. ಬಿ.ಎ. ತರಗತಿಯಲ್ಲಿ ಅವಳು ಪತ್ರಿಕೋದ್ಯಮವನ್ನು ಕನ್ನಡದಲ್ಲಿ ಓದಿ ಕನ್ನಡದಲ್ಲಿಯೇ ಉತ್ತರ ಬರೆಯಬಲ್ಲಳು. ಎಂ.ಎ.ಗೆ ಬಂದಾಗ ಸಿದ್ಧಾಂತಗಳ ಆಕರ ಗ್ರಂಥಗಳು ಬಹುಮಟ್ಟಿಗೆ ಇಂಗ್ಲಿಷಿನವು. ಸಂಶೋಧನೆಯ ಹೊಸ್ತಿಲಲ್ಲಿರುವ ಯುಜಿಸಿ ನೆಟ್ ಪರೀಕ್ಷೆಯ ಈ ವಿಷಯದ ಪ್ರಶ್ನೆಪತ್ರಿಕೆಯಂತೂ ಇಂಗ್ಲಿಷ್ ಮತ್ತು ಹಿಂದಿಗಳಲ್ಲಿ ಮಾತ್ರ ಲಭ್ಯ. ಜ್ಞಾನದ ಮೆಟ್ಟಿಲು ಏರಿದಂತೆಲ್ಲ ಅವಳ ಭಾಷೆ ಒಂದೊಂದಾಗಿ ಹೊರಗುಳಿಯುತ್ತ ಹೋಗುತ್ತದೆ. ಭಾಷೆಯ ತೊಡಕಿನಿಂದ ಕೆಲವರು ಅನುತ್ತೀರ್ಣರಾಗುತ್ತಾರೆ ಎಂಬಲ್ಲಿಗೆ ಈ ಚರ್ಚೆಯನ್ನು ನಿಲ್ಲಿಸುವುದು ವಾಡಿಕೆ. ಉತ್ತೀರ್ಣರಾದವರೂ ತಮ್ಮ ಪರಿಸರದಿಂದ ತಂದಿದ್ದ ಪ್ರಶ್ನೆಗಳನ್ನು ಹೊರಗೇ ಬಿಟ್ಟು ಬರಬೇಕಾಗುತ್ತದೆ ಎಂಬುದು ಇದಕ್ಕಿಂತ ದೊಡ್ಡ ನಷ್ಟ.

ಒಂದು ಉದಾಹರಣೆಯನ್ನು ನೋಡಬಹುದು. ಕ್ಲಾಡ್ ಶಾನನ್ 1948ರಲ್ಲಿ ಮಂಡಿಸಿದ ಸಂವಹನ ಮಾದರಿಯನ್ನು ಕಲಿಯದ ಸಂವಹನ ವಿದ್ಯಾರ್ಥಿ ಇಲ್ಲ. ಬೆಲ್ ಟೆಲಿಫೋನ್ ಪ್ರಯೋಗಾಲಯದಲ್ಲಿದ್ದ ಆ ಗಣಿತಜ್ಞನಿಗೆ, ತಂತಿಯ ಮೂಲಕ ಸಾಗುವ ಸಂಕೇತವನ್ನು ಕೆಡಿಸುವ ಅಂಶವೇ ‘ಗದ್ದಲ’. ಪರೀಕ್ಷೆಗಾಗಿ ಈ ವ್ಯಾಖ್ಯೆಯನ್ನು ಕಂಠಪಾಠ ಮಾಡುವ ವಿದ್ಯಾರ್ಥಿನಿಗೆ ಮನೆಯ ಅನುಭವ ಬೇರೆಯದೇ ಆಗಿರಬಹುದು. ಯಂತ್ರದ ಸದ್ದಿನ ನಡುವೆ ಕೈಸನ್ನೆ, ತುಟಿಯ ಚಲನೆ, ಶಿಳ್ಳೆಗಳಿಂದ ವ್ಯವಹರಿಸುವ ಕಾರ್ಮಿಕನಿಗೆ ಗದ್ದಲವು ಮಾತಿಗೆ ಬಂದೊದಗಿದ ಅಡ್ಡಿಯಲ್ಲ, ಅವನ ಮಾತು ರೂಪುಗೊಂಡ ಸನ್ನಿವೇಶವೇ ಅದು. ಶಾನನ್ನನ ಮಾದರಿ ತಪ್ಪೆಂದು ಇದರ ಅರ್ಥವಲ್ಲ; ಅವನು ಉತ್ತರಿಸಲು ಹೊರಟ ಪ್ರಶ್ನೆಯೇ ಬೇರೆ. ಆದರೆ ಆ ಮಾದರಿಯ ಎದುರು ತನ್ನ ಮನೆಯ ಅನುಭವವನ್ನು ಇಟ್ಟು ನೋಡುವ ಧೈರ್ಯವನ್ನು ಎಂ.ಎ. ತರಗತಿ ಅವಳಿಗೆ ಕೊಡುತ್ತದೆಯೇ?

ಕಾರ್ಮಿಕರ ಭಾಷೆಯನ್ನು ವಿಶ್ವವಿದ್ಯಾಲಯಕ್ಕಿಂತ ಮೊದಲೇ ಗುರುತಿಸಿದ್ದು ಕಾನೂನು ಎಂಬುದು ಸ್ವಾರಸ್ಯಕರ. 1948ರ ಕಾರ್ಖಾನೆಗಳ ಕಾಯ್ದೆಯ 108ನೇ ಕಲಮಿನ ಪ್ರಕಾರ, ಕಾರ್ಖಾನೆಯಲ್ಲಿ ಪ್ರದರ್ಶಿಸಲೇಬೇಕಾದ ಸೂಚನೆಗಳು ಇಂಗ್ಲಿಷಿನಲ್ಲಿಯೂ ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿಯೂ ಇರಬೇಕಾಗಿತ್ತು. ಮುಖ್ಯದ್ವಾರದ ಬಳಿ ಎದ್ದು ಕಾಣುವಂತಿರಬೇಕಾಗಿತ್ತು. 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬರುವವರೆಗೆ, ಎಪ್ಪತ್ತೈದಕ್ಕೂ ಹೆಚ್ಚು ವರ್ಷ, ಈ ನಿಯಮ ಊರ್ಜಿತದಲ್ಲಿತ್ತು. ಇದರಿಂದಾಗಿ ಕಾರ್ಖಾನೆಯ ಬಾಗಿಲಲ್ಲಿ ಒಂದು ವಿಶಿಷ್ಟ ಕನ್ನಡ ಗದ್ಯ ಹುಟ್ಟಿಕೊಂಡಿತು. ಪಾಳಿ, ಹಾಜರಿ, ರಜೆ, ಅಪಘಾತ, ದಂಡಗಳನ್ನು ಕುರಿತ ಆ ಗದ್ಯವನ್ನು ಬರೆದವರು ಯಾರು? ಅನುವಾದಿಸಿದವರು ಯಾರು? ಓದುಬಾರದವನಿಗೆ ಅದನ್ನು ಓದಿ ಹೇಳಿದವರು ಯಾರು, ಹೇಳುವಾಗ ಏನನ್ನು ಬದಲಿಸಿದರು? ಪರಭಾಷಿಕ ವಲಸೆ ಕಾರ್ಮಿಕರು ಹೆಚ್ಚಿದಲ್ಲಿ ‘ಬಹುಪಾಲಿನವರ ಭಾಷೆ’ ಯಾವುದಾಯಿತು? ಪತ್ರಿಕೆಯ ಅಂಕಣಗಳನ್ನು ಸೆಂಟಿಮೀಟರಿನಲ್ಲಿ ಅಳೆಯುವ ವಿಷಯ ವಿಶ್ಲೇಷಣೆಗೆ ಇವು ದಕ್ಕುವ ಪ್ರಶ್ನೆಗಳಲ್ಲ.

ಇಂಥ ಪ್ರಶ್ನೆಗಳನ್ನು ಕೇಳುವ ವಿಧಾನ ಕನ್ನಡ ವಿಭಾಗಗಳಿಗೆ ಹೊಸದೇನೂ ಅಲ್ಲ. ದಾವಣಗೆರೆಗೆ ಹತ್ತಿರದ ಹರಿಹರದಲ್ಲಿ, ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 13ನೇ ಶತಮಾನದಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಆವರಣದಲ್ಲಿ ಶಾಸನಗಳಿವೆ. ಶಾಸನವನ್ನು ಓದುವವರು ಬರೆಸಿದವನನ್ನೂ ಬರೆದವನನ್ನೂ ಪ್ರತ್ಯೇಕಿಸುತ್ತಾರೆ; ಸಂಸ್ಕೃತ ಎಲ್ಲಿ ನಿಂತು ಕನ್ನಡ ಎಲ್ಲಿ ಆರಂಭವಾಯಿತೆಂದು ಗಮನಿಸುತ್ತಾರೆ; ದಾನದ ಎಲ್ಲೆಗಳನ್ನು ಹೇಳುವಾಗ ಭಾಷೆ ಏಕೆ ಆಡುನುಡಿಗೆ ಸಮೀಪಿಸುತ್ತದೆ ಎಂದು ಚರ್ಚಿಸುತ್ತಾರೆ. ಜನ ಸೇರುವೆಡೆಯಲ್ಲಿ ಅಧಿಕಾರವು ನಿಲ್ಲಿಸಿದ ಬರೆಹವೆಂಬ ನೆಲೆಯಲ್ಲಿ ಶಾಸನಕ್ಕೂ ಸೂಚನಾ ಫಲಕಕ್ಕೂ ಸಂಬಂಧವಿದೆ. ಎರಡೂ ಒಂದೇ ಎಂದು ಸಾಧಿಸಹೊರಟರೆ ಅದು ಅತಿಯಾದೀತು. ಓದುವ ಶಿಸ್ತನ್ನು ಮಾತ್ರ ಅಲ್ಲಿಂದ ಧಾರಾಳವಾಗಿ ಪಡೆಯಬಹುದು.

ಪಾರಿಭಾಷಿಕ ಪದಗಳ ಕೊರತೆಯಿಂದಾಗಿ ಕನ್ನಡದಲ್ಲಿ ಸಂವಹನ ಸಂಶೋಧನೆ ಅಸಾಧ್ಯವೆಂಬ ಆಕ್ಷೇಪವಿದೆ. ಪದಕೋಶ ಮೊದಲು, ಚಿಂತನೆ ಆಮೇಲೆ ಎಂಬ ಈ ಕ್ರಮವೇ ಸಂದೇಹಾಸ್ಪದ. ಕರ್ನಾಟಕವು 2021ರಲ್ಲಿ ನಾಲ್ಕು ವರ್ಷಗಳ ಪದವಿಯನ್ನು ತಂದು 2024ರಲ್ಲಿ ಮೂರು ವರ್ಷಕ್ಕೆ ಮರಳಿತು. ಪಠ್ಯಕ್ರಮಗಳು ಎರಡು ಬಾರಿ ಬದಲಾದವು. ಆ ಗಡಿಬಿಡಿಯಲ್ಲಿ ವರ್ಷಗಳ ಲೆಕ್ಕಕ್ಕೆ ದೊರೆತ ಗಮನದ ಒಂದಂಶವಾದರೂ, ಪದವಿಯಿಂದ ಪಿಎಚ್.ಡಿ.ವರೆಗೆ ಕನ್ನಡದಲ್ಲಿ ಸಾಗಬಲ್ಲ ಓದಿಗೆ ದೊರೆಯಬೇಕಿತ್ತು. ಸಂವಹನ ವಿಭಾಗದ ಪಿಎಚ್.ಡಿ.ಗೆ ಕನ್ನಡದ ಪ್ರಾಧ್ಯಾಪಕರೊಬ್ಬರು ಸಹಮಾರ್ಗದರ್ಶಕರಾಗುವುದು ಅಂಥ ದುಸ್ಸಾಧ್ಯ ಸುಧಾರಣೆಯೇನಲ್ಲ. ವಿಭಾಗಗಳ ನಡುವಿನ ಕಾರಿಡಾರು ಮಾತ್ರ ಕೆಲವೊಮ್ಮೆ ತುಂಗಭದ್ರೆಗಿಂತ ಅಗಲವಾಗಿರುತ್ತದೆ!

ಈ ಕೆಲಸಕ್ಕೆ ಕಾಲದ ಮಿತಿಯೂ ಇದೆ. ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಮುಚ್ಚಿಹೋಗಿದೆ. ದಾವಣಗೆರೆಗೆ ಹೆಸರು ತಂದಿದ್ದ ಹತ್ತಿ ಗಿರಣಿಗಳ ಕಾಲವೂ ಮುಗಿದಿದೆ. ಅಲ್ಲಿನ ಫಲಕಗಳನ್ನು ಓದಿದ, ಸಂಘದ ಕರಪತ್ರಗಳನ್ನು ಹಂಚಿದ ಕಾರ್ಮಿಕರು ಈಗ ಇಳಿವಯಸ್ಸಿನಲ್ಲಿದ್ದಾರೆ. ಕರೂರಿನಂಥ ಕೈಗಾರಿಕಾ ಪ್ರದೇಶಗಳಲ್ಲಿ ದುಡಿಯುತ್ತಿರುವವರಿಗೆ ಕೆಲಸದ ಸೂಚನೆಯು ಮೊಬೈಲಿಗೇ ಬರತೊಡಗಿದರೆ ಮರುದಿನಕ್ಕೆ ಅದರ ಗುರುತೂ ಉಳಿಯುವುದಿಲ್ಲ. ಕರಪತ್ರಗಳು ಯಾರ ಮನೆಯ ಟ್ರಂಕಿನಲ್ಲಿವೆ ಎಂದು ವಿಚಾರಿಸಲು ನೆಟ್ ಉತ್ತೀರ್ಣತೆಯಾಗಲಿ ಇಂಗ್ಲಿಷ್ ಆಕರ ಗ್ರಂಥಗಳಾಗಲಿ ಬೇಕಾಗಿಲ್ಲ, ಬಿ.ಎ. ಅಂತಿಮ ವರ್ಷದ ಕಿರುಯೋಜನೆಯಾಗಿ ಈ ಸಂಗ್ರಹವನ್ನು ಮುಂದಿನ ಶೈಕ್ಷಣಿಕ ವರ್ಷದಿಂದಲೇ ಆರಂಭಿಸಬಹುದು.