ಡಬ್ಬದ ಮೇಲೆ ಆ ಎರಡಕ್ಷರ ಎಲ್ಲಿ?

ಭೇರ್ಯದ ಅಂಗಡಿಯಲ್ಲಿ ಒಂದು ಪೊಟ್ಟಣ ಎಣ್ಣೆ ಕೊಳ್ಳುವ ಕೂಲಿಕಾರನಿಗೆ ಅದರ ಬೆಲೆ ಗೊತ್ತು, ಅಳತೆ ಗೊತ್ತು. ಅದು ಎಂಥ ಬೀಜದಿಂದ ಬಂತೆಂಬುದು ಮಾತ್ರ ಗೊತ್ತಿಲ್ಲ. ಗೊತ್ತಾಗದಂತೆ ಇಟ್ಟವರು ಯಾರು? ಈ ಪ್ರಶ್ನೆಯನ್ನು ನಾವು ಬಹಿರಂಗವಾಗಿ ಕೇಳುತ್ತೇವೆ.

ಹೆಗ್ಗಡದೇವನಕೋಟೆಯ ಹೊಲಗಳಲ್ಲಿ ಹತ್ತಿ ಬೆಳೆಯುವುದು ಎಲ್ಲರೂ ಬಲ್ಲ ಸಂಗತಿ. ಹತ್ತಿ ಬಟ್ಟೆಗೆ ಮಾತ್ರ ಎಂದು ನಂಬಿದವರು ಜಿನ್ನಿಂಗ್ ಗಿರಣಿಯ ಕೆಲಸಗಾರನನ್ನು ಕೇಳಲಿ. ತೂಕದಲ್ಲಿ ಸುಮಾರು ಮೂರರಲ್ಲೊಂದು ಪಾಲು ಅರಳೆ. ಉಳಿದದ್ದು ಬಹುಪಾಲು ಬೀಜ. ಆ ಬೀಜದ ಎಣ್ಣೆ ಶುದ್ಧಿಯಾಗಿ ಅಡುಗೆಗೆ, ವನಸ್ಪತಿಗೆ, ಕರಿದ ತಿಂಡಿಗೆ ಬರುತ್ತದೆ. ಹಿಂಡಿ ಹಸುವಿನ ಬಾಯಿಗೆ ಹೋಗುತ್ತದೆ.

ಇದು ಹಳೆಯ ಹತ್ತಿಯಲ್ಲ. ಕಾಯಿಕೊರಕ ಹುಳು ತಿಂದರೆ ಸಾಯಲೆಂದು ಮಣ್ಣಿನ ಸೂಕ್ಷ್ಮಾಣುವೊಂದರ ವಂಶವಾಹಿಯನ್ನು ಗಿಡದೊಳಗೆ ಸೇರಿಸಿದ ಬಿಟಿ ಹತ್ತಿ. 2002ರಲ್ಲಿ ಕೇಂದ್ರ ಸರ್ಕಾರ ಇದಕ್ಕೆ ಅಪ್ಪಣೆ ಕೊಟ್ಟಿತು. ಇಂದು ದೇಶದ ಹತ್ತಿಯಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಇದೇ. ಬಟ್ಟೆಯ ಹೆಸರಿನಲ್ಲಿ ಬಂದ ಕುಲಾಂತರಿ ಬೆಳೆ ಹಿತ್ತಲ ಬಾಗಿಲಿನಿಂದ ಅಡುಗೆಮನೆ ಹೊಕ್ಕಿತು.

ಈ ಎಣ್ಣೆ ವಿಷವೆಂದು ನಾವು ಕೂಗುತ್ತಿಲ್ಲ. ಶುದ್ಧೀಕರಿಸಿದ ಎಣ್ಣೆಯಲ್ಲಿ ಆ ವಂಶವಾಹಿಯ ಅಂಶ ಉಳಿಯುವುದು ತೀರ ಅಲ್ಪವೆಂಬ ವಿಜ್ಞಾನಿಗಳ ಮಾತನ್ನೂ ಬಲ್ಲೆವು. ಹಾಗಿದ್ದರೆ ಬರೆಯಲು ಅಂಜಿಕೆಯೇಕೆ? ಬೀಜ ಕಂಪನಿಗಳು ರೈತನಿಂದ ವರ್ಷಗಟ್ಟಲೆ ರಾಯಲ್ಟಿ ವಸೂಲು ಮಾಡಿದಾಗ ಇದು ಹಿಂದೆಂದೂ ಇಲ್ಲದ ಹೊಸ ಸೃಷ್ಟಿಯಾಗಿತ್ತು. ಕೊಳ್ಳುವವನು ಕೇಳಿದಾಗ ಮಾತ್ರ ಇದು ಅದೇ ಹಳೆಯ ಎಣ್ಣೆಯಂತೆ! ಎರಡು ನಾಲಿಗೆಯ ಈ ವ್ಯಾಪಾರ ನಮಗೆ ಒಪ್ಪಿಗೆಯಿಲ್ಲ.

ಕಾನೂನು ಇಲ್ಲವೆ? ಉಂಟು. ಕುಲಾಂತರಿ ಆಹಾರದ ಪೊಟ್ಟಣದ ಮೇಲ್ಭಾಗದಲ್ಲಿ ‘ಜಿಎಂ’ ಎಂದು ಬರೆಯಬೇಕೆಂಬ ನಿಯಮ 2013ರ ಜನವರಿ 1ರಿಂದ ಜಾರಿಗೆ ಬಂತು. ಫಲವೇನು? 2018ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 65 ಆಹಾರ ಪದಾರ್ಥಗಳನ್ನು ಪರೀಕ್ಷಿಸಿದಾಗ 21ರಲ್ಲಿ ಕುಲಾಂತರಿ ಅಂಶ ಸಿಕ್ಕಿತು. ಅವುಗಳಲ್ಲಿ ಹೆಚ್ಚಿನವುಗಳ ಮೇಲೆ ಅದರ ಸೊಲ್ಲೇ ಇರಲಿಲ್ಲ. 2024ರ ಜುಲೈ 23ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಕುಲಾಂತರಿ ಸಾಸಿವೆಯ ಬಗ್ಗೆ ಭಿನ್ನ ತೀರ್ಪಿತ್ತರೂ, ಆಮದಾಗುವ ಕುಲಾಂತರಿ ಎಣ್ಣೆ ಲೇಬಲ್ಲಿನ ಕಾನೂನನ್ನು ಪಾಲಿಸತಕ್ಕದ್ದೆಂಬುದರಲ್ಲಿ ಒಂದಾದರು. ತಕ್ಕಡಿಗೆ ಮುದ್ರೆ ಹಾಕಿಸದ ಚಿಲ್ಲರೆ ವ್ಯಾಪಾರಿಗೆ ದಂಡ ವಿಧಿಸಬಲ್ಲ ಸರ್ಕಾರಕ್ಕೆ ದೊಡ್ಡ ಎಣ್ಣೆ ಕಂಪನಿಗಳ ಮುಂದೆ ಕಣ್ಣು ಕಾಣದೆ?

ಜನ ಬಾಯಿಬಿಟ್ಟರೆ ಸರ್ಕಾರ ಬಗ್ಗುತ್ತದೆ. 2009ರ ಅಕ್ಟೋಬರಿನಲ್ಲಿ ಕೇಂದ್ರದ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿತ್ತು. ಉಡುಪಿಯ ಮಟ್ಟುಗುಳ್ಳಕ್ಕೂ ಆ ವಂಶವಾಹಿ ಸೇರಿಸುವ ಕೆಲಸ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ನಡೆದಿತ್ತು. ಸಚಿವ ಜೈರಾಂ ರಮೇಶ್ 7 ನಗರಗಳಲ್ಲಿ ಜನರ ಮಾತು ಕೇಳಬೇಕಾಯಿತು. ಬೆಂಗಳೂರಿನ ಸಭೆ 2010ರ ಫೆಬ್ರುವರಿ 6ರಂದು. ಮೂರೇ ದಿನಕ್ಕೆ, 9ರಂದು, ಬಿಟಿ ಬದನೆಗೆ ತಡೆ ಬಿತ್ತು. ಆದುದರಿಂದ ಸಂತೆಯ ಬದನೆಕಾಯಿಗೆ ಅಂಜಬೇಕಾಗಿಲ್ಲ. ನಮ್ಮ ದೇಶದಲ್ಲಿ ವ್ಯಾಪಾರಕ್ಕಾಗಿ ಬೆಳೆಯುತ್ತಿರುವ ಕುಲಾಂತರಿ ಬೆಳೆ ಹತ್ತಿಯೊಂದೇ.

ಈಗ ಮಾಡಬೇಕಾದದ್ದೇನು? ಕೊಳ್ಳುವವರು ಪೊಟ್ಟಣದ ಹಿಂಬದಿ ಓದಬೇಕು: ಹತ್ತಿಬೀಜದ ಎಣ್ಣೆಯೆಂದಿದೆಯೆ? ಹೊರದೇಶದ ಸೋಯಾ, ಕನೋಲ ಎಂದಿದೆಯೆ? ಕಡಲೆಕಾಯಿ, ಹುಚ್ಚೆಳ್ಳು, ಎಳ್ಳು, ಕೊಬ್ಬರಿ ಎಣ್ಣೆಗಳಿಗೆ ಈ ಸಂಶಯವಿಲ್ಲ. ಆದರೆ ಬೇಡವಾದವನು ಗಾಣದ ಎಣ್ಣೆ ಕೊಳ್ಳಲಿ ಎಂಬುದು ಉಳ್ಳವರ ಪರಿಹಾರ. ದಿನಗೂಲಿಯ ಮನೆಗೆ ಆ ಬೆಲೆ ನಿಲುಕದು. ಅಗ್ಗದ ಎಣ್ಣೆ ಕೊಳ್ಳುವವನಿಗೂ ತಿಳಿಯುವ ಹಕ್ಕುಂಟು.

ವ್ಯಾಪಾರಿ ಮಿತ್ರರು ಸಗಟು ಮಾರಾಟಗಾರರಿಂದ ಸರಕಿನ ವಿವರ ಬರಹದಲ್ಲಿ ಕೇಳಲಿ. ನಾಳೆ ತನಿಖೆ ಬಂದರೆ ಅಪರಾಧ ಅಂಗಡಿಯವನ ತಲೆಗೆ ಕಟ್ಟದಂತೆ ಅದು ಕಾಯುತ್ತದೆ. ಕಾರ್ಮಿಕ ಸಂಘಗಳು ಗಿರಣಿಯ ಕ್ಯಾಂಟೀನಿಗೆ ಯಾವ ಎಣ್ಣೆ ಬರುತ್ತದೆಂದು ಕೇಳಲಿ. ಸಂಶಯವಿದ್ದಲ್ಲಿ ಪೊಟ್ಟಣ, ರಸೀದಿಗಳೊಡನೆ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಬರೆದು, ಹಿಂಬರಹ ಪಡೆಯಲಿ. ಒಬ್ಬನ ಅರ್ಜಿ ಕಸದ ಬುಟ್ಟಿಗೆ ಬೀಳಬಹುದು. ನೂರು ಮಂದಿಯ ಅರ್ಜಿ ಬೀಳದು.

ದುಡಿದ ಕಾಸು ಕೊಟ್ಟು ಕೊಳ್ಳುವ ಅನ್ನ ಏನೆಂಬುದನ್ನು ತಿಳಿಯುವುದು ಭಿಕ್ಷೆಯಲ್ಲ, ಹಕ್ಕು. ಆ ಎರಡಕ್ಷರ ಡಬ್ಬದ ಮೇಲೆ ಮೂಡುವವರೆಗೆ ಕೇಳುತ್ತಲೇ ಇರೋಣ.