ಗಿರಾಕಿ ದಡ್ಡನಲ್ಲ

ಹೊಸ ಯಂತ್ರವೊಂದು ಪೇಟೆಗೆ ಬಂದು ಸೋತಾಗ, ವಸ್ತು ಉತ್ತಮವಾಗಿತ್ತು, ಜನರಿಗೆ ತಿಳಿಯಲಿಲ್ಲ ಎಂದು ಹೇಳುವವರಿದ್ದಾರೆ. ಈ ಮಾತನ್ನು ನಾವು ಒಪ್ಪಲಾರೆವು. ಮನೆಯಲ್ಲಿ ಸಿನಿಮಾ ತೋರಿಸುವ ಯಂತ್ರಗಳ ಚರಿತ್ರೆಯೇ ಅದಕ್ಕೆ ಉತ್ತರ.

1975ರಲ್ಲಿ ಜಪಾನಿನ ಸೋನಿ ಕಂಪನಿ ಬೀಟಾಮ್ಯಾಕ್ಸ್ ಎಂಬ ವಿಡಿಯೊ ಯಂತ್ರವನ್ನು ತಂದಿತು. ಮರುವರ್ಷ ಅಲ್ಲಿಯದೇ ಜೆವಿಸಿ ಕಂಪನಿ ವಿಎಚ್‌ಎಸ್ ತಂದಿತು. ಒಂದರ ಕ್ಯಾಸೆಟ್ ಇನ್ನೊಂದರಲ್ಲಿ ಓಡದು. ಚಿತ್ರ ಸ್ಫುಟವೆಂಬ ಹೆಸರಿದ್ದುದು ಬೀಟಾಮ್ಯಾಕ್ಸಿಗೆ, ಸೋತದ್ದೂ ಅದೇ. ಕಾರಣವೇನು? ಅದರ ಮೊದಲ ಕ್ಯಾಸೆಟ್ಟಿನಲ್ಲಿ ಹಿಡಿಯುತ್ತಿದ್ದುದು ಒಂದು ಗಂಟೆ. ವಿಎಚ್‌ಎಸ್‌ನಲ್ಲಿ ಎರಡು ಗಂಟೆ. ಅರ್ಧ ಸಿನಿಮಾಕ್ಕೇ ಮುಗಿದುಹೋದರೆ ಸ್ಫುಟತೆಯನ್ನು ಕಟ್ಟಿಕೊಂಡು ಮಾಡುವುದೇನು? ಸೋನಿ ಅವಧಿಯನ್ನು ಹೆಚ್ಚಿಸಿತು, ನಿಜ. ಆದರೆ ವಿಎಚ್‌ಎಸ್ ಯಂತ್ರಗಳನ್ನು ಅನೇಕ ಕಂಪನಿಗಳು ತಯಾರಿಸತೊಡಗಿದ್ದವು. ಬಾಡಿಗೆ ಅಂಗಡಿಯವನು ಹೆಚ್ಚು ಮನೆಗಳಲ್ಲಿದ್ದ ಯಂತ್ರದ ಕ್ಯಾಸೆಟ್ಟನ್ನೇ ಇಟ್ಟ. ಗಿರಾಕಿ ಅಂಗಡಿಯಲ್ಲಿ ಸಿಗುವ ಕ್ಯಾಸೆಟ್ಟಿನ ಯಂತ್ರವನ್ನೇ ಕೊಂಡ. 1988ರಲ್ಲಿ ಸೋನಿಯೇ ವಿಎಚ್‌ಎಸ್ ಯಂತ್ರ ತಯಾರಿಸಲು ತೊಡಗಿತು! ನಮ್ಮ ಪೇಟೆಗಳಲ್ಲಿ ಮುಂದೆ ವಿಸಿಡಿ ಹರಡಿದ್ದೂ ಹೀಗೆಯೇ. ಡಿವಿಡಿಗಿಂತ ಚಿತ್ರ ಮಸುಕು. ಆದರೆ ಬೆಲೆ ಕೂಲಿಯವನಿಗೂ ನಿಲುಕುವಂಥದು.

ಅಮೆರಿಕದ ಡಿವಿಎಕ್ಸ್ ಕಥೆ ಇನ್ನೂ ಬೋಧಪ್ರದ. 1998ರಲ್ಲಿ ಸರ್ಕ್ಯೂಟ್ ಸಿಟಿ ಎಂಬ ದೊಡ್ಡ ಮಾರಾಟ ಸಂಸ್ಥೆ ಸುಮಾರು ನಾಲ್ಕೂವರೆ ಡಾಲರಿಗೆ ಸಿನಿಮಾದ ಡಿಸ್ಕು ಮಾರಿತು. ನೋಡಲು ಆರಂಭಿಸಿದ 48 ಗಂಟೆಗಳ ಬಳಿಕ ಅದಕ್ಕೆ ಬೀಗ! ಮತ್ತೆ ನೋಡಬೇಕೆಂದರೆ ಮತ್ತೆ ಹಣ. ಲೆಕ್ಕವಿಡಲು ಯಂತ್ರಕ್ಕೆ ಟೆಲಿಫೋನ್ ತಂತಿ ಜೋಡಿಸಬೇಕು. ಡಿಸ್ಕು ಗಿರಾಕಿಯ ಮನೆಯಲ್ಲಿ, ಬೀಗದಕೈ ಕಂಪನಿಯ ಕಿಸೆಯಲ್ಲಿ. ಕೊಂಡದ್ದೆಲ್ಲ ತನ್ನದೇ ಆಗಿ ಉಳಿಯುವ ಡಿವಿಡಿ ಪಕ್ಕದಲ್ಲೇ ಇರುವಾಗ ಜನ ಇದನ್ನೇಕೆ ಮುಟ್ಟಿಯಾರು? 1999ರ ಜೂನಿನಲ್ಲಿ ಅಂಗಡಿ ಮುಚ್ಚಿತು.

ಸೋಲಿನ ಹೊರೆ ಯಾರಿಗೆ? 2008ರಲ್ಲಿ ಬ್ಲೂ-ರೇ ಎದುರು ಸೋತ ತೊಷಿಬಾ ತನ್ನ ಎಚ್‌ಡಿ ಡಿವಿಡಿಯನ್ನು ಕೈಬಿಟ್ಟಿತು. ಕಂಪನಿಗೂ ನಷ್ಟವಾಯಿತು, ಆದರೆ ದೊಡ್ಡ ಕಂಪನಿ ಬೇರೆ ಸರಕಿನಲ್ಲಿ ಅದನ್ನು ತುಂಬಿಕೊಂಡೀತು. ಸಾಲ ಮಾಡಿ ಯಂತ್ರ ಕೊಂಡವನು, ದಾಸ್ತಾನು ತುಂಬಿದ ಸಣ್ಣ ಅಂಗಡಿಕಾರ, ಇವರು ಎಲ್ಲಿ ತುಂಬಿಕೊಳ್ಳಬೇಕು?

ಈಗ ಡಿಸ್ಕೂ ಬೇಡ, ಯಂತ್ರವೂ ಬೇಡ. ಕೈಯಲ್ಲಿರುವ ಫೋನಿನಲ್ಲೇ ತಿಂಗಳ ಬಾಡಿಗೆಗೆ ಸಿನಿಮಾ. ಅಗ್ಗ, ಸುಲಭ, ಆದ್ದರಿಂದ ಗೆದ್ದಿತು. ದುಡಿದು ದಣಿದವನು ಅದನ್ನು ನೋಡಿದರೆ ನಾವು ತಪ್ಪೆನ್ನುವುದಿಲ್ಲ. ಆದರೆ ಒಂದನ್ನು ಮರೆಯಬಾರದು. ಅಂದು ಜನ ಹೊರದಬ್ಬಿದ ಬೀಗವೇ ಇಂದು ಹಿತ್ತಿಲ ಬಾಗಿಲಿನಿಂದ ಒಳಬಂದಿದೆ. ಬಾಡಿಗೆ ನಿಲ್ಲಿಸಿದ ದಿನ ಮನೆಯಲ್ಲಿ ಏನೂ ಉಳಿಯದು.

ಆದ್ದರಿಂದ ಹೊಸ ಸರಕು ಬಂದಾಗ, ಕೊಳ್ಳುವವನೂ ಮಾರುವವನೂ ಮೂರು ಪ್ರಶ್ನೆ ಕೇಳಲಿ: ನಮ್ಮ ಅಗತ್ಯಕ್ಕೆ ಒದಗುವುದೇ? ನಾಲ್ಕು ಕಡೆ ಸಿಗುವುದೇ? ಹಣ ಕೊಟ್ಟಮೇಲೆ ನಮ್ಮದಾಗುವುದೇ? ಉತ್ತರ ಸಿಗುವವರೆಗೆ ಗಂಟು ಬಿಚ್ಚುವ ಅವಸರ ಬೇಡ.